ನೀಡ್ ಅಸೆಸ್‌ಮೆಂಟ್ (ಜನರಿಗೆ ಏನು ಬೇಕು ಅನ್ನುವ ಸಮೀಕ್ಷೆ) ಹೆಸರಲ್ಲಿ ನಮ್ಮ ಒಕ್ಕೂಟಕ್ಕೆ ಆದ ಮೋಸ. ಕೊಡಗಿನ ಸಂಘಗಳವರು ದಯವಿಟ್ಟು ಓದಿ

ನಿನ್ನೆ ಸೋಮವಾರಪೇಟೆ ಕಡೆಯ ಒಂದು ಮಹಿಳಾ ಸಂಘದವರು ಫೋನ್ ಮಾಡಿದ್ದರು. "ಅಕ್ಕ, ಬೆಂಗಳೂರಿನವರು ಬಂದಿದ್ದಾರೆ. ನಮ್ಮೂರಿಗೆ ಏನೇನು ಬೇಕು ಅಂತ ಸರ್ವೆ ಮಾಡಿ ರಿಪೋರ್ಟ್ ಕೊಡ್ತಾರಂತೆ. ನಿಮ್ಮಲ್ಲೂ ಅವರೇ ಮಾಡಿದ್ದಂತೆ, ಫೋಟೋ ತೋರಿಸಿದ್ರು. ಹೇಗಿತ್ತು?" ಅಂತ ಕೇಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ದುಡ್ಡು ತಿಂದಿದ್ದು ಸಾಲದು ಅಂತ ನಮ್ಮ ಹೆಂಗಸರ ಫೋಟೋ ತೋರಿಸಿ ಇನ್ನೊಂದು ಕಡೆ ಗಿರಾಕಿ ಹಿಡಿಯುತ್ತಿದ್ದಾರೆ. ಇಷ್ಟು ದಿನ ನಾಚಿಕೆಗೆ ಸುಮ್ಮನಿದ್ದೆ. ಇನ್ನು ಆಗಲ್ಲ, ಬರೆಯುತ್ತಿದ್ದೇನೆ.

ನಾನು ಸಿದ್ದಾಪುರ ಹತ್ತಿರದ ಸ್ವಸಹಾಯ ಸಂಘಗಳ ಒಂದು ಚಿಕ್ಕ ಒಕ್ಕೂಟದ ಕಾರ್ಯದರ್ಶಿ. ನಮ್ಮಲ್ಲಿ ಜಾಸ್ತಿ ಜನ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಇರುವವರು. 2018ರಲ್ಲಿ, ಮತ್ತೆ 2019ರಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಮನೆಗಳಿಗೆ ನೀರು ನುಗ್ಗಿತಲ್ಲ, ಆಗ ಪಾತ್ರೆ ಪಗಡೆ ಕಳೆದುಕೊಂಡವರೂ ಇದ್ದಾರೆ. ಇಂಥವರಿಗೆ ಏನಾದರೂ ಮಾಡಬೇಕು ಅಂತ ಓಡಾಡುವಾಗ ಒಂದು ಕಂಪನಿಯ ಸಿಎಸ್‌ಆರ್ (ಕಂಪನಿಗಳು ಲಾಭದಲ್ಲಿ ಸಮಾಜದ ಕೆಲಸಕ್ಕೆ ಕೊಡುವ ದುಡ್ಡು) ನೋಡಿಕೊಳ್ಳುವವರು ಸಿಕ್ಕಿದರು. "ನಿಮ್ಮ ಜನರಿಗೆ ನಿಜಕ್ಕೂ ಏನು ಬೇಕು ಅಂತ ವಿಚಾರಿಸಿ ಒಂದು ವರದಿ ಕೊಡಿ, ಆಮೇಲೆ ನೋಡೋಣ" ಅಂದರು. ತಪ್ಪೇನೂ ಇಲ್ಲ, ನ್ಯಾಯವಾದ ಮಾತೇ.

ಅಲ್ಲಿಗೆ ಬೆಂಗಳೂರಿನ ಈ ಕನ್ಸಲ್ಟೆನ್ಸಿಯವರು ಹೇಗೆ ಬಂದರೋ ಗೊತ್ತಿಲ್ಲ. ಯಾರೋ ನಂಬರ್ ಕೊಟ್ಟರು, ಮಾತು ಶುರುವಾಯಿತು. ಮೊದಲ ಫೋನಲ್ಲೇ ಹೆದರಿಸಿದರು. "ಮೇಡಂ, ನೀಡ್ ಅಸೆಸ್‌ಮೆಂಟ್ ಇಲ್ಲದೆ ಸಿಎಸ್‌ಆರ್ ದುಡ್ಡು ಬರಲ್ಲ. ಕಾನೂನಲ್ಲೇ ಕಡ್ಡಾಯ. ಸರ್ಟಿಫೈಡ್ ಏಜೆನ್ಸಿಯೇ ಮಾಡಬೇಕು." ನಾನು ನಂಬಿದೆ. ಆಮೇಲೆ ಮಡಿಕೇರಿಯ ಒಬ್ಬ ಆಡಿಟರ್ ಹತ್ತಿರ ಕೇಳಿದಾಗ ಗೊತ್ತಾಯಿತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟು ಖರ್ಚು ಮಾಡಬೇಕು, ಅದು ಸರಿ. 2021ರ ತಿದ್ದುಪಡಿಯಲ್ಲಿ ಕಡ್ಡಾಯ ಮಾಡಿದ್ದು ಕೆಲಸ ಮುಗಿದ ಮೇಲಿನ ಪರಿಣಾಮದ ಸಮೀಕ್ಷೆಯನ್ನು. ಅದೂ ಸರಾಸರಿ 10 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಸಿಎಸ್‌ಆರ್ ಬಾಧ್ಯತೆ ಇರುವ ಕಂಪನಿಗಳಿಗೆ, 1 ಕೋಟಿಗೆ ಕಡಿಮೆ ಇಲ್ಲದ ಯೋಜನೆಗಳಿಗೆ. ಮಾಡಿಸಬೇಕಾದವರೂ ಕಂಪನಿಯವರೇ. ಕೆಲಸಕ್ಕೆ ಮುಂಚಿನ ನೀಡ್ ಅಸೆಸ್‌ಮೆಂಟ್‌ಗೆ ಅಂಥ ಕಡ್ಡಾಯ ಇಲ್ಲ. ಕಂಪನಿ ಕೇಳಿದರೆ ಕೊಡಬೇಕು, ಅಷ್ಟೇ. ನಾವೇ ಮಾಡಿ ಕೊಟ್ಟಿದ್ದರೂ ಆಗುತ್ತಿತ್ತು.

ಒಟ್ಟು 85 ಸಾವಿರ ಅಂದರು. 50 ಸಾವಿರ ಅಡ್ವಾನ್ಸ್. ಹೆಂಗಸರು ವಾರ ವಾರ ಕಟ್ಟಿದ ಉಳಿತಾಯದಲ್ಲಿ ತೆಗೆದು ಕೊಟ್ಟೆವು. ಆ ಸಭೆಯಲ್ಲಿ ಇಬ್ಬರು ಬೇಡ ಅಂದಿದ್ದರು. ನಾನೇ ಒಪ್ಪಿಸಿದೆ.

ಫೆಬ್ರವರಿಯಲ್ಲಿ ಬಂದರು. ರೊಬಸ್ಟಾ ಕೊಯ್ಲಿನ ಕಾಲ. ಯಾವಾಗ ಬಂದರು ಅಂತೀರಿ, ಮಂಗಳವಾರ ಬೆಳಿಗ್ಗೆ 11 ಗಂಟೆಗೆ! ಕೊಯ್ಲಲ್ಲಿ ಕೆಜಿ ಲೆಕ್ಕದ ಕೂಲಿ. ಒಂದು ಗಂಟೆ ಬಿಟ್ಟು ಬಂದರೆ ಅಷ್ಟು ದುಡ್ಡು ಹೋದ ಹಾಗೆ. ಯಾರು ಬರ್ತಾರೆ? ಲೈನಲ್ಲಿ ಇದ್ದದ್ದು ಮುದುಕರು, ಮಕ್ಕಳು, ಒಬ್ಬಳು ಬಾಣಂತಿ. ಭಾನುವಾರ ಬನ್ನಿ ಅಂತ ನಾನು ಮೊದಲೇ ಹೇಳಿದ್ದೆ. "ನಮ್ಮ ಟೀಮಿಗೆ ವೀಕೆಂಡ್ ರಜ" ಅಂದಿದ್ದರು.

ಇಬ್ಬರು ಹುಡುಗರು, ಕೈಯಲ್ಲಿ ಟ್ಯಾಬ್. ಪ್ರಶ್ನೆಯೆಲ್ಲ ಇಂಗ್ಲಿಷಲ್ಲಿ. ಓದಿ ಓದಿ ಕನ್ನಡ ಮಾಡಿ ಕೇಳುತ್ತಿದ್ದರು. "ನಿಮಗೆ ಯಾವ ಸ್ವಉದ್ಯೋಗ ತರಬೇತಿ ಬೇಕು? ಹೊಲಿಗೆ, ಬ್ಯೂಟಿಷಿಯನ್, ಕ್ಯಾಂಡಲ್." ಈ ಮೂರರಲ್ಲಿ ಒಂದು ಹೇಳಬೇಕು. ತರಬೇತಿ ಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇಲ್ಲ. ನಿಮಗೆ ಏನು ಕಷ್ಟ ಅನ್ನುವ ಪ್ರಶ್ನೆಯೂ ಇಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು, ಅಲ್ವಾ? ಅಸ್ಸಾಮಿನಿಂದ ಕೊಯ್ಲಿಗೆ ಬಂದಿದ್ದ ಒಂದು ಸಂಸಾರಕ್ಕೆ ಏನೂ ಅರ್ಥ ಆಗಲಿಲ್ಲ. ಅವರ ಮನೆಯನ್ನು ಬಿಟ್ಟು ಮುಂದೆ ಹೋದರು.

ಆಮೇಲೆ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದರು. ಜನರೇ ತಮ್ಮ ಊರಿನ ನಕ್ಷೆ ಬರೆಯುವುದು ಒಳ್ಳೆಯ ಪದ್ಧತಿ, ನಾನು ಬೇರೆ ತರಬೇತಿಯಲ್ಲಿ ನೋಡಿದ್ದೇನೆ. ಒಬ್ಬರು ಎರವ ಬುಡಕಟ್ಟಿನ ಅಜ್ಜಿ ಎದ್ದು ಬಂದು ಲೈನಿನಿಂದ ರಸ್ತೆಗೆ ಹೋಗುವ ದಾರಿ ತೋರಿಸಿದರು. ಆಮೇಲೆ ಸುತ್ತ ಹುಡುಕಿ ಒಂದು ಕರಿ ಕಲ್ಲು ತಂದು ಆ ದಾರಿಯ ತಿರುವಿನಲ್ಲಿ ಇಟ್ಟರು. "ಇಲ್ಲಿ ಆನೆ ದಾಟ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗೋರು, ಶಾಲೆ ಮಕ್ಕಳು, ಎಲ್ಲಾ ಇಲ್ಲೇ ಹೋಗ್ಬೇಕು" ಅಂದರು. ಹುಡುಗ ಫೋಟೋ ತೆಗೆದ. ಹತ್ತು ನಿಮಿಷ, ಮುಗಿಯಿತು. ಮಧ್ಯಾಹ್ನ ಊಟ ಮಾಡಿ ಎರಡೂವರೆಗೆ ಜೀಪು ಹತ್ತಿದರು. ಮತ್ತೆ ಬರಲಿಲ್ಲ.

ವರದಿ ಬಂದದ್ದು ಕಂಪನಿಗೆ ಕೊಡಬೇಕಾದ ಹಿಂದಿನ ದಿನ ರಾತ್ರಿ. 64 ಪುಟ, ಪೂರ್ತಿ ಇಂಗ್ಲಿಷ್. ಮುಖಪುಟದಲ್ಲಿ ನಮ್ಮ ಒಕ್ಕೂಟದ ಹೆಸರು, ನಮ್ಮ ಫೋಟೋ. ಚೆನ್ನಾಗಿ ಕಂಡಿತು. ನಾನು ಪೂರ್ತಿ ಓದದೆ ಕಳಿಸಿಬಿಟ್ಟೆ.

ನಾಲ್ಕು ದಿನ ಬಿಟ್ಟು ಕಂಪನಿಯವರ ಫೋನ್. ಒಂದೇ ಪ್ರಶ್ನೆ. "ಮೇಡಂ, ಸಿದ್ದಾಪುರದಲ್ಲಿ ಕಬ್ಬು ಬೆಳೀತಾರಾ?"

ನಾನು ಇಲ್ಲ ಸರ್, ಕಾಫಿ, ಮೆಣಸು ಅಂದೆ. "27ನೇ ಪುಟ ನೋಡಿ" ಅಂದರು. ನೋಡಿದೆ. ಕಬ್ಬು ಕಟಾವಿನ ಕಾಲದಲ್ಲಿ ಹೆಂಗಸರು ಗುಳೆ ಹೋಗುತ್ತಾರೆ ಅಂತ ಇತ್ತು. ಮಳೆ ಇಲ್ಲದೆ ಕೊಳವೆಬಾವಿ ಬತ್ತಿವೆ ಅಂತ ಇತ್ತು. ನಮ್ಮ ಊರಲ್ಲಿ! ಆಗಸ್ಟ್ ಬಂದರೆ ಹೊಳೆ ಮನೆಯೊಳಗೆ ಬರುತ್ತದೆ ಅಂತ ರಾತ್ರಿ ನಿದ್ದೆ ಮಾಡದ ಜನ ನಾವು. ಇನ್ನೊಂದು ಪುಟದಲ್ಲಿ ಬೇರೆ ಜಿಲ್ಲೆಯ ಹೆಸರನ್ನೇ ಅಳಿಸಿರಲಿಲ್ಲ. ಯಾವುದೋ ಊರಿನ ವರದಿಯ ಮೇಲೆ ನಮ್ಮ ಹೆಸರು ಅಂಟಿಸಿ ಕೊಟ್ಟಿದ್ದರು. ಫೋನ್ ಕಿವಿಯಲ್ಲೇ ಇತ್ತು, ನನಗೆ ಮಾತೇ ಹೊರಡಲಿಲ್ಲ.

ಉಳಿದದ್ದೂ ಹಾಗೇ. ಮೊದಲ ಆರು ಪುಟ ಥಿಯರಿ. 1972ರಲ್ಲಿ ಬ್ರಾಡ್‌ಶಾ ಅನ್ನುವವರು ಅಗತ್ಯಗಳನ್ನು ನಾಲ್ಕು ಬಗೆ ಮಾಡಿದ್ದಾರೆ: ತಜ್ಞರು ಹೇಳುವುದು, ಜನರಿಗೆ ಅನಿಸುವುದು, ಜನ ಬಾಯಿಬಿಟ್ಟು ಕೇಳುವುದು, ಬೇರೆ ಕಡೆಗೆ ಹೋಲಿಸಿದಾಗ ಕಾಣುವುದು. ವಿಷಯ ಒಳ್ಳೆಯದೇ. ಆದರೆ ಜನರಿಗೆ ಏನನಿಸುತ್ತದೆ ಅಂತ ಇವರು ಕೇಳಿದ್ದೆಲ್ಲಿ? ಆಮೇಲೆ ಎರಡು ಪುಟ 2011ರ ಜನಗಣತಿ. ಜಿಲ್ಲೆಯ ಜನಸಂಖ್ಯೆ 5,54,519, ಸಾವಿರ ಗಂಡಸರಿಗೆ 1,019 ಹೆಂಗಸರು. ಇಡೀ ಜಿಲ್ಲೆಯ ಲೆಕ್ಕದಿಂದ ನಮ್ಮ ಲೈನಿನ ಕಷ್ಟ ಏನು ಗೊತ್ತಾಗುತ್ತದೆ? 212 ಮನೆ ಸರ್ವೆ ಮಾಡಿದ್ದೇವೆ ಅಂತ ಬರೆದಿದ್ದರು. ನಾನು ಜೊತೆಯಲ್ಲೇ ಇದ್ದೆ, ಹೋಗಿದ್ದು 23 ಮನೆಗೆ. ಕೊನೆಯಲ್ಲಿ ಜನರ ಮುಖ್ಯ ಅಗತ್ಯ ಹೊಲಿಗೆ ತರಬೇತಿ, 25 ಮಿಷನ್ ಕೊಡಿಸಬೇಕು ಅಂತ. ತರಬೇತಿ ಕೊಡುವವರು ಯಾರು? ಅವರದೇ ಇನ್ನೊಂದು ಸಂಸ್ಥೆ. ವಿಳಾಸವೂ ಅದೇ.

ಫೋನ್ ಮಾಡಿ ಕೇಳಿದೆ. ಅವರು ಕೊಟ್ಟ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ.

ಕಬ್ಬಿನ ಬಗ್ಗೆ: "ಅದು ಟೆಂಪ್ಲೇಟ್ ಮಿಸ್ಟೇಕ್ ಮೇಡಂ, ಸಣ್ಣದು."
212 ಮನೆಯ ಬಗ್ಗೆ: "23 ಮನೆ ಸ್ಯಾಂಪಲ್. ಅದರಿಂದ 212 ಮನೆಗೆ ಅಂದಾಜು ಮಾಡಿದ್ದೇವೆ. ಸ್ಟಾಟಿಸ್ಟಿಕ್ಸ್ ನಿಮಗೆ ಗೊತ್ತಾಗಲ್ಲ."
ಆನೆಯ ಬಗ್ಗೆ: "ಅದು ಫಾರೆಸ್ಟ್ ಇಲಾಖೆ ವಿಷಯ, ಫಂಡರ್‌ಗೆ ಇಂಟರೆಸ್ಟ್ ಇರಲ್ಲ."
ದುಡ್ಡು ವಾಪಸ್ ಕೊಡಿ ಅಂದಾಗ: "ಅಗ್ರಿಮೆಂಟ್ ಓದಿ. ಏಳು ದಿನದೊಳಗೆ ಆಕ್ಷೇಪ ಹೇಳದಿದ್ದರೆ ಒಪ್ಪಿದ ಹಾಗೆ. ಇವತ್ತು ಒಂಬತ್ತನೇ ದಿನ."

ಸ್ಟಾಟಿಸ್ಟಿಕ್ಸ್ ನನಗೆ ಗೊತ್ತಿಲ್ಲದೆ ಇರಬಹುದು. ಆದರೆ ಮುದುಕರು, ಮಕ್ಕಳು ಮಾತ್ರ ಇದ್ದ ಹೊತ್ತಲ್ಲಿ ಬಾಗಿಲು ತೆರೆದಿದ್ದ 23 ಮನೆ ಇಡೀ ಲೈನಿನ ಮಾತು ಹೇಳಲ್ಲ ಅನ್ನುವುದು ಗೊತ್ತು.

ಇದಕ್ಕಿಂತ ಕಷ್ಟ ಆಗಿದ್ದು ಹೆಂಗಸರ ಮುಂದೆ ಹೇಳಬೇಕಾದಾಗ. ಭಾನುವಾರ ಸಂಜೆ ಸಭೆ ಕರೆದೆ. ವರದಿಯನ್ನು ಕೈಗೆ ಕೊಟ್ಟೆ, ಒಬ್ಬರಿಂದ ಒಬ್ಬರಿಗೆ ಹೋಯಿತು. ಆ ಅಜ್ಜಿಗೆ ಓದಲು ಬರಲ್ಲ. ಒಂದೊಂದೇ ಹಾಳೆ ತಿರುವಿ ಚಿತ್ರ ನೋಡಿದರು. ನಕ್ಷೆಯ ಪುಟ ಬಂತು. ಕಂಪ್ಯೂಟರಲ್ಲಿ ಬಣ್ಣ ಹಾಕಿ ಚಂದ ಮಾಡಿದ್ದರು. ಅಜ್ಜಿ ಬೆರಳಲ್ಲಿ ದಾರಿ ಹಿಡಿದು ತಿರುವಿನ ತನಕ ಹೋಗಿ ನಿಲ್ಲಿಸಿದರು. "ನಾನಿಟ್ಟ ಕಲ್ಲು ಎಲ್ಲಿ ಅಕ್ಕ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ದುಡ್ಡಿನ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾವೇ ಮಾಡಿದೆವು. ಸಂತೆ ಮುಗಿಸಿ ಬಂದ ಮೇಲೆ ಎರಡು ಭಾನುವಾರ ಸಂಜೆ ಕೂತೆವು. ಗಂಡಸರು ಬೇರೆ, ಹೆಂಗಸರು ಬೇರೆ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ತಮಗೆ ಗೊತ್ತಿದ್ದದ್ದು ಹೇಳಿದರು. ಅಸ್ಸಾಮಿನವರ ಜೊತೆ ಹಿಂದಿಯಲ್ಲಿ ಮಾತಾಡಲು ಒಬ್ಬ ಕಾಲೇಜು ಹುಡುಗಿ ಬಂದಳು. ಬಂದ ಕಷ್ಟಗಳಿಗೆಲ್ಲ ಒಂದೊಂದು ಚಿತ್ರದ ಚೀಟಿ ಮಾಡಿ ನೆಲದಲ್ಲಿಟ್ಟೆವು. ಪ್ರತಿಯೊಬ್ಬರ ಕೈಗೆ ಹತ್ತು ಕಾಫಿ ಬೀಜ, ಯಾವುದು ದೊಡ್ಡ ಕಷ್ಟವೋ ಅದರ ಮೇಲೆ ಜಾಸ್ತಿ ಹಾಕಿ ಅಂತ. ಆನೆ ದಾಟುವ ದಾರಿಯ ಚೀಟಿ ಬೀಜದ ಕೆಳಗೆ ಮುಚ್ಚಿಹೋಯಿತು. ಎರಡನೆಯದು ಮನೆಗೆ ಡೋರ್ ನಂಬರ್ ಇಲ್ಲದೆ ರೇಷನ್ ಕಾರ್ಡಿಗೆ ಅಲೆಯುವುದು. ಮೂರನೆಯದು ರಾತ್ರಿ ಹೊತ್ತು ಶೌಚಾಲಯ. ಹೊಲಿಗೆ ಮಿಷನ್ ಮೇಲೆ ಬಿದ್ದದ್ದು ನಾಲ್ಕು ಬೀಜ. ಖರ್ಚು ಚಹಾ, ಬನ್ನಿಗೆ ಆದದ್ದು ಮಾತ್ರ. ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿ, ಸರಿ ಅಂದ ಮೇಲೆ ಕಳಿಸಿದ್ದೇವೆ. ಕಂಪನಿಯವರು ಇನ್ನೂ ಏನೂ ಹೇಳಿಲ್ಲ. ಒಂದು ಸಲ ನಂಬಿಕೆ ಹೋಗಿದೆ, ಅವರದ್ದೂ ತಪ್ಪಲ್ಲ.

ಯಾರನ್ನಾದರೂ ಕರೆಸಲೇಬೇಕಾದರೆ ಇಷ್ಟು ಮಾಡಿ. ಪ್ರಶ್ನೆಗಳನ್ನು ಮೊದಲೇ ಕನ್ನಡದಲ್ಲಿ ತರಿಸಿ ಓದಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಮನೆ ಅಂತ ಅಗ್ರಿಮೆಂಟಲ್ಲಿ ಬರೆಸಿ. ಸರ್ವೆ ಮಾಡುವವರೇ ಆಮೇಲೆ ಮಿಷನ್, ತರಬೇತಿ ಮಾರುವವರಾಗಿದ್ದರೆ ಬಾಗಿಲಿಂದಲೇ ಕಳಿಸಿ. ವರದಿಯನ್ನು ಜನರ ಮುಂದೆ ಕನ್ನಡದಲ್ಲಿ ಓದುವ ತನಕ ಕೊನೆಯ ಕಂತು ಕೊಡಬೇಡಿ. ಏಳು ದಿನದ ಷರತ್ತು ಇದ್ದರೆ ಸೈನ್ ಹಾಕಲೇಬೇಡಿ.

ಮೊನ್ನೆ ಉಳಿದ 35 ಸಾವಿರ ಕೊಡಿ ಅಂತ ಮತ್ತೆ ಮೆಸೇಜ್ ಹಾಕಿದ್ದಾರೆ. ಕೊಡಲ್ಲ, ನಮ್ಮ ಫೋಟೋ ಎಲ್ಲೂ ತೋರಿಸಬೇಡಿ ಅಂತ ಬರೆದೆ. ನೋಡಿದ್ದಾರೆ, ಉತ್ತರ ಇಲ್ಲ. ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ, ವಕೀಲರು ಬೇಡ ಅಂದಿದ್ದಾರೆ. ಆದರೆ ಆ ಫೋಟೋ ಹೇಗಿದೆ ಅಂತ ಹೇಳುತ್ತೇನೆ. ಲೈನ್ ಮನೆಯ ಅಂಗಳ, ನೆಲದ ಮೇಲೆ ಬಿಳಿ ರಂಗೋಲಿಯ ನಕ್ಷೆ, ಹಳದಿ ಸೀರೆಯ ಒಬ್ಬರು ಅಜ್ಜಿ ಕುಕ್ಕರುಗಾಲಲ್ಲಿ ಕೂತು ಒಂದು ಕರಿ ಕಲ್ಲು ಇಡುತ್ತಿದ್ದಾರೆ. ಯಾರಾದರೂ ಆ ಫೋಟೋ ತೋರಿಸಿ ನಿಮ್ಮ ಹತ್ತಿರ ಅಡ್ವಾನ್ಸ್ ಕೇಳಿದರೆ, ಅವರೇ ಇವರು.