ಟ್ರೈಲರ್ ಬ್ಯಾಟರಿಯಲ್ಲಿ ಕೆಟಲ್, ಹೀಟಿಂಗ್ ಪ್ಯಾಡ್, ಬಿಸಿ ಕಂಬಳಿ: ಎರಡು ಚಳಿಗಾಲ ಬಳಸಿದ ಮೇಲೆ

ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಗಾಡಿಯ ಹಿಂದೆ ಎಳೆದುಕೊಂಡು ಹೋಗುವ 22 ಅಡಿಯ ಟ್ರಾವೆಲ್ ಟ್ರೈಲರ್ ಒಂದಿದೆ. ಅಮ್ಮ ಸಕಲೇಶಪುರದಿಂದ ಚಳಿಗಾಲಕ್ಕೆ ಬಂದು ಕೆಲವು ತಿಂಗಳು ನಮ್ಮ ಜೊತೆ ಇರುತ್ತಾರೆ. ಕಳೆದ ಎರಡು ಸಲವೂ ಅವರನ್ನು ಗ್ರ್ಯಾಂಡ್ ಕ್ಯಾನಿಯನ್ ಕಡೆಗೆ, ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಕಡೆಗೆ ಕರೆದುಕೊಂಡು ಹೋಗಿದ್ದೆವು. ಅಮ್ಮನಿಗೆ ಮಂಡಿ ನೋವು. ರಾತ್ರಿ ಶಾಖ ಸಿಗದಿದ್ದರೆ ನಿದ್ದೆಯಿಲ್ಲ. ಈ ವಿಮರ್ಶೆಯ ಮೂಲ ಅದೇ.

ಗ್ರ್ಯಾಂಡ್ ಕ್ಯಾನಿಯನ್‌ನ ಸೌತ್ ರಿಮ್‌ನಲ್ಲಿ, ಅಂದರೆ ಕಣಿವೆಯ ದಕ್ಷಿಣ ಅಂಚಿನಲ್ಲಿರುವ ಮ್ಯಾದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್ ಕನೆಕ್ಷನ್ ಇಲ್ಲ. ಜೋಶುವಾ ಟ್ರೀಯ ಜಂಬೋ ರಾಕ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲೂ ಇಲ್ಲ. ರಾತ್ರಿ ಜನರೇಟರ್ ಹಾಕುವಂತಿಲ್ಲ. ಅಂದರೆ ರಾತ್ರಿಯಿಡೀ ಬ್ಯಾಟರಿಯೇ ಗತಿ. ನವೆಂಬರ್ ರಾತ್ರಿಗಳಲ್ಲಿ ಸೌತ್ ರಿಮ್‌ನಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುವುದು ಮಾಮೂಲು. ಮೊದಲ ರಾತ್ರಿ ಅಮ್ಮ ಎರಡು ರಗ್ಗು ಹೊದ್ದು, "ಇಷ್ಟು ಚಳಿ ನಾನು ಕಂಡೇ ಇಲ್ಲ ಕಣೋ" ಅಂದರು. ಮಲೆನಾಡಿನ ಮಳೆಗಾಲದಲ್ಲಿ ಬೆಳೆದವರ ಮಾತು ಅದು.

ಟ್ರೈಲರ್ ಕೊಂಡಾಗ ಅದರಲ್ಲಿ 80 ಆಂಪ್-ಅವರ್‌ನ (ಅಂದರೆ 1 ಆಂಪ್ ಕರೆಂಟನ್ನು 80 ಗಂಟೆ ಕೊಡುವ ಲೆಕ್ಕ) ಒಂದೇ ಒಂದು ಲೆಡ್ ಆಸಿಡ್ ಬ್ಯಾಟರಿ ಇತ್ತು. ಅದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಕೈಗೆ ಸಿಗುವುದು 40 ಆಂಪ್-ಅವರ್ ಮಾತ್ರ. ಅದಕ್ಕೆ ಬ್ಯಾಟರಿಯ 12 ವೋಲ್ಟನ್ನು ಮನೆಯ 120 ವೋಲ್ಟ್ ಮಾಡಿಕೊಡುವ ಇನ್ವರ್ಟರ್ ಸಿಕ್ಕಿಸಿ ಕೆಟಲ್ ಹಾಕಿದೆ. ಬ್ಯಾಟರಿ ಫುಲ್ ಇದ್ದರೂ ವೋಲ್ಟೇಜ್ ದಬ್ಬನೆ ಕುಸಿದು, ಇನ್ವರ್ಟರ್ ಕೂಗಿಕೊಂಡು ಆಫ್ ಆಯಿತು. ಬ್ಯಾಟರಿ ಕೆಟ್ಟಿರಲಿಲ್ಲ. ಒಂದೇ ಸಲಕ್ಕೆ ನೂರಕ್ಕೂ ಜಾಸ್ತಿ ಆಂಪ್ ಎಳೆದರೆ ಆ ಅಳತೆಯ ಲೆಡ್ ಬ್ಯಾಟರಿ ತಡೆಯುವುದಿಲ್ಲ, ಅಷ್ಟೇ.

ಆಮೇಲೆ ಈಗಿನ ಸೆಟಪ್ ಹಾಕಿಸಿದೆ. 100 ಆಂಪ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಪ್ಯಾರಲಲ್ ಜೋಡಣೆ. 2000 ವ್ಯಾಟ್‌ನ ಪ್ಯೂರ್ ಸೈನ್ ಇನ್ವರ್ಟರ್, ಅಂದರೆ ಮನೆಯ ಕರೆಂಟಿನಂಥದ್ದೇ ನಯವಾದ ಅಲೆ ಕೊಡುವಂಥದ್ದು. ಚಾವಣಿ ಮೇಲೆ 400 ವ್ಯಾಟ್ ಸೋಲಾರ್. ಜೊತೆಗೆ ಎಷ್ಟು ಆಂಪ್ ಹೋಯಿತು, ಎಷ್ಟು ಉಳಿದಿದೆ ಎಂದು ತೋರಿಸುವ ಒಂದು ಮೀಟರ್. ಈ ಮೀಟರ್ ಇಲ್ಲದೆ ಲಿಥಿಯಂ ಹಾಕಿಸಬೇಡಿ. ಲಿಥಿಯಂ ಬ್ಯಾಟರಿ ಮುಕ್ಕಾಲು ಭಾಗ ಖಾಲಿಯಾಗುವ ತನಕ ವೋಲ್ಟೇಜ್ 13ರ ಆಸುಪಾಸಿನಲ್ಲೇ ಇರುತ್ತದೆ. ವೋಲ್ಟೇಜ್ ನೋಡಿ ಅಂದಾಜು ಮಾಡಲು ಆಗುವುದಿಲ್ಲ.

ಈಗ ಮುಖ್ಯ ವಿಷಯ. ಬಿಸಿ ಮಾಡುವ ವಸ್ತು ಅಂದ ಕೂಡಲೇ ಎಲ್ಲರೂ ಅದರ ಮೇಲೆ ಬರೆದಿರುವ ವ್ಯಾಟ್ ನೋಡುತ್ತಾರೆ. ನಾನೂ ಹಾಗೇ ನೋಡುತ್ತಿದ್ದೆ. ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದು ಅಷ್ಟೇ ಮುಖ್ಯ. ನಮ್ಮ 1500 ವ್ಯಾಟ್ ಕೆಟಲ್ ಹಾಕಿದಾಗ ಮೀಟರ್ 135 ಆಂಪ್ ದಾಟುತ್ತದೆ. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಒಂದು ಲೀಟರ್ ನೀರು ಐದು ನಿಮಿಷದೊಳಗೆ ಕುದಿದು ಸ್ವಿಚ್ ಆಫ್ ಆಗುತ್ತದೆ. ಒಟ್ಟು ಖರ್ಚು ಸುಮಾರು 10 ಆಂಪ್-ಅವರ್. ಬೆಳಗಿನ ಡಿಕಾಕ್ಷನ್‌ಗೆ ಇದು ದುಬಾರಿಯಲ್ಲ. ಹೇರ್ ಡ್ರೈಯರ್ ಹತ್ತು ನಿಮಿಷಕ್ಕೆ ಹತ್ತಿರ ಹತ್ತಿರ 30 ತಿನ್ನುತ್ತದೆ. ರೂಮ್ ಹೀಟರ್ ಅಂತೂ ಬೇಡವೇ ಬೇಡ. 1500 ವ್ಯಾಟ್‌ನ ಹೀಟರ್ ನಮ್ಮ ಎರಡೂ ಬ್ಯಾಟರಿಗಳನ್ನು ಒಂದೂವರೆ ಗಂಟೆಯಲ್ಲಿ ಬರಿದು ಮಾಡುತ್ತದೆ.

ಅದೇ 12 ವೋಲ್ಟ್‌ನ ಬಿಸಿ ಕಂಬಳಿ ನೋಡಿ. ಎಳೆಯುವುದು 4ರಿಂದ 5 ಆಂಪ್. ಇನ್ವರ್ಟರ್ ಬೇಕಿಲ್ಲ, ನೇರ ಬ್ಯಾಟರಿಯ 12 ವೋಲ್ಟ್ ಸಾಕೆಟ್‌ಗೆ ಹಾಕಬಹುದು. ಮಲಗುವ ಮುಕ್ಕಾಲು ಗಂಟೆ ಮೊದಲು ಹಾಸಿಗೆಯೊಳಗೆ ಹರಡಿ ಆನ್ ಮಾಡುತ್ತೇವೆ. ಅಷ್ಟಕ್ಕೆ ಖರ್ಚು ನಾಲ್ಕು ಆಂಪ್-ಅವರ್‌ಗಿಂತ ಕಡಿಮೆ. ಆಮೇಲೆ ರಗ್ಗಿನೊಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ನನ್ನ ಮಗಳಿಗೆ ಇಷ್ಟೇ ಸಾಕು. ಬೆಳಗಿನ ತನಕ ಒಂದೇ ಮಗ್ಗುಲಲ್ಲಿ ನಿದ್ದೆ. ಎರಡು ವರ್ಷದಲ್ಲಿ ನಾವು ಕೊಂಡ ವಸ್ತುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಬ್ಯಾಟರಿಯ ಶಾಖ ಮೈಗೆ ತಾಗಬೇಕು. ರೂಮಿಗೆ, ನೀರಿಗೆ ಗ್ಯಾಸ್ ಇದೆಯಲ್ಲ.

ಅಮ್ಮನ ಮಂಡಿಗೆ ಮಾತ್ರ ಹೀಟಿಂಗ್ ಪ್ಯಾಡ್ ಬೇಕಾಗಿತ್ತು. ಅದು 120 ವೋಲ್ಟ್‌ನದು, 50 ವ್ಯಾಟ್. ಮೊದಲ ಚಳಿಗಾಲದಲ್ಲಿ ದೊಡ್ಡ ಇನ್ವರ್ಟರ್ ಅನ್ನು ರಾತ್ರಿಯಿಡೀ ಆನ್ ಇಟ್ಟಿದ್ದೆ. ಬೆಳಿಗ್ಗೆ ಲೆಕ್ಕ ಹಾಕಿದರೆ ಪ್ಯಾಡ್‌ಗೆ ಹೋಗಬೇಕಾದದ್ದಕ್ಕಿಂತ 12 ಆಂಪ್-ಅವರ್ ಜಾಸ್ತಿ ಹೋಗಿತ್ತು. ದೊಡ್ಡ ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಗಂಟೆಗೆ ಒಂದೂವರೆ ಆಂಪ್-ಅವರ್‌ನಷ್ಟು ನುಂಗುತ್ತದೆ. ಎಂಟು ಗಂಟೆಗೆ ಅದೇ ಒಂದು ಕೆಟಲ್ ನೀರಿನ ಲೆಕ್ಕ. ಎರಡನೇ ವರ್ಷ ಪ್ಯಾಡ್‌ಗೆಂದೇ 300 ವ್ಯಾಟ್‌ನ ಚಿಕ್ಕ ಇನ್ವರ್ಟರ್ ಹಾಕಿಸಿದೆ. ದೊಡ್ಡದನ್ನು ಕೆಟಲ್‌ಗೆ, ರೈಸ್ ಕುಕ್ಕರ್‌ಗೆ ಬೇಕಾದಾಗ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್.

ಅದಕ್ಕೂ ಮೊದಲು ಅಗ್ಗಕ್ಕೆ ಸಿಕ್ಕಿತೆಂದು ಪ್ಯೂರ್ ಸೈನ್ ಅಲ್ಲದ ಒಂದು ಇನ್ವರ್ಟರ್ ತಂದಿದ್ದೆ. ಕೆಟಲ್‌ನಂಥ ಬರೀ ಕಾಯಿಲ್ ಇರುವ ವಸ್ತು ಅದರಲ್ಲಿ ಸರಿಯಾಗಿ ನಡೆಯುತ್ತದೆ. ಆದರೆ ಡಿಜಿಟಲ್ ಕಂಟ್ರೋಲ್ ಇರುವ ಎಲೆಕ್ಟ್ರಿಕ್ ಹಾಸು ಎರಡನೇ ರಾತ್ರಿಯೇ ಸತ್ತುಹೋಯಿತು. ಕಂಟ್ರೋಲರ್ ಸುಟ್ಟಿತ್ತು. ಬಟನ್ ಒತ್ತಿ ಡಿಗ್ರಿ ಹೊಂದಿಸುವ ಯಾವುದೇ ವಸ್ತುವಿದ್ದರೆ ಪ್ಯೂರ್ ಸೈನ್ ಇನ್ವರ್ಟರ್ ಅನ್ನೇ ಕೊಳ್ಳಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ಹಾಗಾಗಿ ಪ್ಯಾಡ್ ಮಂಡಿಯಿಂದ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೇವೆ, ಅದೂ ದಪ್ಪ ಬಟ್ಟೆಯ ಮೇಲಿಂದ. ತಾನೇ ಆಫ್ ಆಗುವ ಟೈಮರ್ ಇಲ್ಲದ ಪ್ಯಾಡ್ ಹಿರಿಯರಿಗೆ ಕೊಡಲೇಬೇಡಿ. ಪಾದಕ್ಕೆ ಉಣ್ಣೆಯ ಕಾಲುಚೀಲ ಸಾಕು.

ಅಮ್ಮ ಊರಿಂದ ರಬ್ಬರಿನ ಬಿಸಿನೀರಿನ ಚೀಲ ತಂದಿದ್ದರು. "ಆ ವೈರೆಲ್ಲ ಯಾಕೋ, ಇದಕ್ಕೆ ಒಂದು ಚೊಂಬು ನೀರು ಕಾಯಿಸಿಕೊಡು" ಅಂದರು. ಲೆಕ್ಕ ಹಾಕಿ ನೋಡಿದೆ. ಒಂದೂವರೆ ಲೀಟರ್ ನೀರು 70 ಡಿಗ್ರಿಯಿಂದ 35ಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಾಖ 60 ವ್ಯಾಟ್-ಅವರ್‌ನಷ್ಟು. ನಮ್ಮ ಪ್ಯಾಡ್ ಒಂದು ಗಂಟೆಗೂ ಜಾಸ್ತಿ ಉರಿದ ಹಾಗೆ. ನೀರು ಕಾಯುವುದು ಗ್ಯಾಸ್ ಒಲೆಯ ಮೇಲೆ. ಬ್ಯಾಟರಿಗೆ ಖರ್ಚೇ ಇಲ್ಲ. ಈಗ ಮಲಗುವಾಗ ಚೀಲ, ನಡುರಾತ್ರಿ ನೋವೆದ್ದರೆ ಪ್ಯಾಡ್.

ಗ್ಯಾಸ್ ಎಷ್ಟು ದೊಡ್ಡ ಶಕ್ತಿ ಅನ್ನುವುದು ಆಗಲೇ ನನಗೆ ಸರಿಯಾಗಿ ಅರ್ಥವಾದದ್ದು. ಟ್ರೈಲರ್ ಮುಂದೆ ಕೂರುವ 20 ಪೌಂಡ್‌ನ ಪ್ರೊಪೇನ್ ಸಿಲಿಂಡರ್‌ನಲ್ಲಿ ಇರುವುದು ಸುಮಾರು 126 ಯೂನಿಟ್ ಶಕ್ತಿ. ನಮ್ಮ ಒಂದು ಲಿಥಿಯಂ ಬ್ಯಾಟರಿಯಲ್ಲಿ 1.28 ಯೂನಿಟ್. ಒಂದು ಸಿಲಿಂಡರ್ ಅಂದರೆ ನೂರು ಬ್ಯಾಟರಿ. ಊರಲ್ಲಿ ಬಚ್ಚಲ ಹಂಡೆಯ ನೀರಿಗೆ ಸೌದೆ, ಟ್ರೈಲರ್‌ನ ನೀರಿಗೆ ಪ್ರೊಪೇನ್. ಹಾಗಂತ ಅಡುಗೆ ಒಲೆ ಹಚ್ಚಿಟ್ಟು ರೂಮು ಬೆಚ್ಚಗೆ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ರೂಮಿಗೆ ಟ್ರೈಲರ್‌ನ ಫರ್ನೇಸ್, ಅಂದರೆ ಗ್ಯಾಸ್ ಹೀಟರ್ ಇದೆ, ಅದರ ಹೊಗೆ ಹೊರಗೆ ಹೋಗುತ್ತದೆ. ಆದರೆ ಅದರ ಫ್ಯಾನ್‌ಗೂ ಬ್ಯಾಟರಿ ಬೇಕು. ನಮ್ಮದು 7 ಆಂಪ್ ಎಳೆಯುತ್ತದೆ. ಚಳಿ ಜೋರಾಗಿದ್ದ ರಾತ್ರಿ ಅದೊಂದಕ್ಕೇ 30 ಆಂಪ್-ಅವರ್ ಹೋಗಿದ್ದಿದೆ.

ರೈಸ್ ಕುಕ್ಕರ್ ಬಗ್ಗೆ ಕೇಳುವವರು ಬಹಳ ಜನ. ಚಿಕ್ಕದು, 300 ವ್ಯಾಟ್‌ನದು ಆದರೆ ಒಂದು ಸಲದ ಅನ್ನಕ್ಕೆ 14 ಆಂಪ್-ಅವರ್ ಸಾಕು. ಜೋಶುವಾ ಟ್ರೀಯಲ್ಲಿ ಚೆನ್ನಾಗಿ ಆಯಿತು. ಸೌತ್ ರಿಮ್ 2,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಅನ್ನ ಒಳಗೆ ಗಟ್ಟಿ ಉಳಿಯಿತು. ಬೇಳೆಯಂತೂ ಬೇಯಲೇ ಇಲ್ಲ. ಎತ್ತರದ ಜಾಗಕ್ಕೆ ಗ್ಯಾಸ್ ಮೇಲೆ ಪ್ರೆಷರ್ ಕುಕ್ಕರೇ ಸರಿ. ಊರಿಂದ ತಂದ 230 ವೋಲ್ಟ್‌ನ ಕೆಟಲ್, ಮಿಕ್ಸಿ ಇಲ್ಲಿಯ 120 ವೋಲ್ಟ್ ಇನ್ವರ್ಟರ್‌ಗೆ ಆಗುವುದಿಲ್ಲ. ಮನೆಯಲ್ಲೇ ಬಿಟ್ಟು ಬನ್ನಿ.

ತೊಂದರೆಗಳನ್ನೂ ಹೇಳುತ್ತೇನೆ. ಹೊರಗೆ ಕೂರಿಸಿದ ಲಿಥಿಯಂ ಬ್ಯಾಟರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಒಳಗೆ ಹಾಳಾಗುತ್ತದೆ, ಅದಕ್ಕೇ ಅದರೊಳಗಿನ ಸರ್ಕ್ಯೂಟ್ ತಡೆಯುತ್ತದೆ. ಒಂದು ಬೆಳಿಗ್ಗೆ ಬಿಸಿಲು ಬಂದು ಎರಡು ಗಂಟೆಯಾದರೂ ಸೋಲಾರ್‌ನಿಂದ ಒಂದು ಆಂಪ್ ಕೂಡ ಒಳಗೆ ಹೋಗಲಿಲ್ಲ. ಆಮೇಲೆ ಬ್ಯಾಟರಿಗಳನ್ನು ಟ್ರೈಲರ್ ಒಳಗೆ, ಮಂಚದ ಕೆಳಗೆ ತಂದಿಟ್ಟೆ. ಡಿಸೆಂಬರ್‌ನಲ್ಲಿ ನಮ್ಮ 400 ವ್ಯಾಟ್ ಸೋಲಾರ್ ಇಡೀ ದಿನಕ್ಕೆ ಹೆಚ್ಚೆಂದರೆ ಒಂದು ಯೂನಿಟ್ ಕೊಡುತ್ತದೆ. ಆ ಲೆಕ್ಕದೊಳಗೇ ಕೆಟಲ್, ಪ್ಯಾಡ್, ಫರ್ನೇಸ್ ಫ್ಯಾನ್ ಎಲ್ಲ ಮುಗಿಯಬೇಕು.

ಇನ್ವರ್ಟರ್‌ಗೆ ಇಡೀ ಟ್ರೈಲರ್‌ನ ಕರೆಂಟ್ ಕೇಬಲ್ ಸಿಕ್ಕಿಸುವವರು ಎಚ್ಚರವಾಗಿರಿ. ಫ್ರಿಜ್ ಗ್ಯಾಸ್‌ನಿಂದ ಕರೆಂಟ್‌ಗೆ ತಾನೇ ಬದಲಾಗಿ 300 ವ್ಯಾಟ್‌ಗೂ ಜಾಸ್ತಿ ಎಳೆಯತೊಡಗುತ್ತದೆ. ಟ್ರೈಲರ್‌ನ ಚಾರ್ಜರ್ ಬ್ಯಾಟರಿಯಿಂದಲೇ ಕರೆಂಟ್ ತೆಗೆದು ಬ್ಯಾಟರಿಗೇ ತುಂಬಲು ನೋಡುತ್ತದೆ. ನಮಗೆ ಹೀಗಾಗಿ ಒಂದೇ ಮಧ್ಯಾಹ್ನ ಅರ್ಧ ಬ್ಯಾಟರಿ ಹೋಗಿತ್ತು. ಈಗ ಇನ್ವರ್ಟರ್‌ನಿಂದ ಒಂದೇ ಒಂದು ಪ್ಲಗ್ ಪಾಯಿಂಟ್ ಎಳೆದಿದ್ದೇನೆ, ಒಲೆಯ ಪಕ್ಕ.

ನನ್ನನ್ನು ನಿಜವಾಗಿ ಹೆದರಿಸಿದ್ದು ಒಂದು ಬೋಲ್ಟ್. ಕಲ್ಲು ರಸ್ತೆಯಲ್ಲಿ ಹೋಗಿ ಬಂದ ಮೇಲೆ ಕೆಟಲ್ ಹಾಕಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬ್ಯಾಟರಿ ಟರ್ಮಿನಲ್‌ನ ಬೋಲ್ಟ್ ಸಡಿಲವಾಗಿ, ಕೇಬಲ್ ತುದಿಯ ಲಗ್ ಕೈ ಇಡಲಾರದಷ್ಟು ಬಿಸಿಯಾಗಿತ್ತು. 135 ಆಂಪ್ ಹರಿಯುವಲ್ಲಿ ಸ್ವಲ್ಪ ಸಡಿಲವಾದರೂ ಸಾಕು, ಬೆಂಕಿಗೆ ದಾರಿ. ದಪ್ಪ ಕೇಬಲ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಪ್ರತಿ ಟ್ರಿಪ್‌ಗೂ ಮೊದಲು ಸ್ಪ್ಯಾನರ್ ಹಾಕಿ ಬೋಲ್ಟ್ ನೋಡುವುದು. ಇದರಲ್ಲಿ ಒಂದನ್ನೂ ನಾನೀಗ ಬಿಡುವುದಿಲ್ಲ.

ಸ್ಟಾರ್ ಕೊಡಬೇಕೆಂದರೆ ಬ್ಯಾಟರಿಗೆ ಐದು. ಎರಡು ವರ್ಷದ ಮೇಲೆ ಪೂರ್ತಿ ಖಾಲಿ ಮಾಡಿ ಅಳೆದಾಗಲೂ ಎರಡೂ ಸೇರಿ 196 ಆಂಪ್-ಅವರ್ ಕೊಟ್ಟವು. ಬಿಸಿ ಕಂಬಳಿಗೂ ಐದು. ಹೀಟಿಂಗ್ ಪ್ಯಾಡ್‌ಗೆ ನಾಲ್ಕು, 12 ವೋಲ್ಟ್‌ನದೇ ಸಿಕ್ಕಿದ್ದರೆ ಇನ್ನೂ ಒಳ್ಳೆಯದಿತ್ತು. ದೊಡ್ಡ ಇನ್ವರ್ಟರ್‌ಗೆ ಮೂರು, ಸುಮ್ನೆ ಕೂತು ನುಂಗುತ್ತದಲ್ಲ, ಅದಕ್ಕೆ. ಅಮ್ಮನ ಟಿಕೆಟ್ ಅಕ್ಟೋಬರ್‌ಗೆ ಆಗಿದೆ. ಅವರ ಮಂಚದ ತಲೆ ಹತ್ತಿರ ಚಿಕ್ಕ ಇನ್ವರ್ಟರ್‌ನ ಸ್ವಿಚ್ ಇಡಬೇಕು, ರಾತ್ರಿ ಎದ್ದು ನನ್ನನ್ನು ಕೂಗಬಾರದಲ್ವಾ. ಈ ವಾರ ಆ ವೈರ್ ಎಳೆಯುತ್ತಿದ್ದೇನೆ.