ಬಾಲ್ಕನಿಗೆ ತಂದ ಮೂರು ಟ್ರೇಯ ಎರೆಹುಳು ಡಬ್ಬಿ: ಹುಳು ಚೆನ್ನಾಗಿವೆ, ಮುಚ್ಚಳ ಸರಿಯಿಲ್ಲ

ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಎರೆಗೊಬ್ಬರ ಮಾಡಬಹುದಾ? ಖಂಡಿತ ಮಾಡಬಹುದು, ವಾಸನೆಯೂ ಬರುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಈ ಡಬ್ಬಿಯನ್ನು ಬೆಂಗಳೂರಿನ ನಮ್ಮ ಮನೆಯಲ್ಲಿ ಮಳೆಗಾಲ, ಬೇಸಿಗೆ ಎರಡರಲ್ಲೂ ಬಳಸಿದ್ದೇವೆ. ಕೊಟ್ಟ ದುಡ್ಡಿಗೆ ನಿಜವಾಗಿ ಬೆಲೆ ತಂದದ್ದು ಡಬ್ಬಿಯಲ್ಲ, ಜೊತೆಗೆ ಬಂದ ಹುಳುಗಳು.

ಬಂದದ್ದು ಐಸೀನಿಯಾ ಫೆಟಿಡಾ, ಕೆಂಪಗಿನ ಸಣ್ಣ ಹುಳು. ತೋಟದ ಮಣ್ಣು ಅಗೆದಾಗ ಸಿಗುವ ಹುಳುಗಳನ್ನು ಹಾಕಿದರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಅವು ಹೆಚ್ಚಾಗಿ ಆಳಕ್ಕಿಳಿದು ಮಣ್ಣಿನಲ್ಲೇ ಬದುಕುವ ಜಾತಿ, ಡಬ್ಬಿಗೆ ಒಗ್ಗುವುದಿಲ್ಲ. ಇವು ಮೇಲ್ಪದರದಲ್ಲೇ ಇದ್ದು ಕೊಳೆಯುವ ಸೊಪ್ಪು, ಸಿಪ್ಪೆ ತಿನ್ನುತ್ತವೆ. ಈಗ ಟ್ರೇ ಕೆದಕಿದರೆ ಹಳದಿ ಬಣ್ಣದ ಪುಟ್ಟ ಮೊಟ್ಟೆಚೀಲಗಳು ಕಾಣುತ್ತವೆ, ಪಕ್ಕದಲ್ಲೇ ದಾರದೆಳೆಯಷ್ಟು ತೆಳ್ಳಗಿನ ಬಿಳಿ ಮರಿಗಳು. ಅದನ್ನು ನೋಡುವ ಖುಷಿಯೇ ಬೇರೆ.

ಮುಚ್ಚಳ ಮಾತ್ರ ಬೇಸರ ತರಿಸಿತು. ಗಾಳಿಯಾಡಲು ಒಂದು ತೂತೂ ಇಲ್ಲ, ಮಳೆಗಾಲದಲ್ಲಿ ಒಳಗೆಲ್ಲ ನೀರಹನಿ ಕಟ್ಟಿ ಹುಳುಗಳು ಗೋಡೆ ಹತ್ತಿ ಮುಚ್ಚಳಕ್ಕೇ ಅಂಟಿಕೊಂಡಿದ್ದವು. ಅದನ್ನು ತೆಗೆದಿಟ್ಟು ಹಸಿ ಗೋಣಿಚೀಲ ಹೊದಿಸಿದ ಮೇಲೆ ಎಲ್ಲ ಸರಿಹೋಯಿತು. ಒಳಗಿನ ನೀರು ಹೊರಬರಲು ಡಬ್ಬಿಗಿರುವ ನಲ್ಲಿಯೂ ಪದೇ ಪದೇ ಕಟ್ಟಿಕೊಳ್ಳುತ್ತದೆ, ತಂತಿ ಹಾಕಿ ಬಿಡಿಸಬೇಕು. ಇರುವೆ ಬರದಂತೆ ಡಬ್ಬಿಯ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ.

ಜೊತೆಗೆ ಬರುವ ಪುಸ್ತಕದಲ್ಲಿ ಮೊದಲ ದಿನದಿಂದಲೇ ಅಡುಗೆಮನೆ ಕಸ ಹಾಕಿ ಅಂತ ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೆಂಗಿನ ನಾರಿನ ಪುಡಿ, ಒಣಗಿದೆಲೆ, ಹಳೇ ಸಗಣಿ ಸೇರಿಸಿ ಹಾಸು ಮಾಡಿ, ಹುಳುಗಳು ಅದಕ್ಕೆ ಹೊಂದಿಕೊಳ್ಳಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಕಸ ಹಾಕಿ. ಹಸಿ ಸಗಣಿ ಬಿಸಿಯೇರುತ್ತದೆ, ಬೇಡ. ನಿಂಬೆ, ಈರುಳ್ಳಿ, ಉಪ್ಪು, ಎಣ್ಣೆ ಇರುವ ಸಾರು, ಪಲ್ಯ ಕೂಡ ಬೇಡ. ಹಾಸನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ತೇವ ಸರಿಯಿದೆ ಅಂತ ಲೆಕ್ಕ, ಧಾರೆಯಾಗಿ ಸುರಿದರೆ ಜಾಸ್ತಿ ಆಯಿತು.

ಗೊಬ್ಬರ ಚಹಾಪುಡಿಯಂತೆ ಕಪ್ಪಗೆ, ಉದುರುದುರಾಗಿ ಬಂತು. ನಮ್ಮ ಕರಿಬೇವಿಗೂ ದಾಸವಾಳಕ್ಕೂ ಆಗಾಗ ಒಂದೊಂದು ಹಿಡಿ ಹಾಕುತ್ತೇವೆ, ಕರಿಬೇವು ಹೊಸ ಚಿಗುರು ಬಿಟ್ಟು ದಟ್ಟವಾಗಿದೆ. ನಲ್ಲಿಯಲ್ಲಿ ಬರುವ ಕಂದು ನೀರಿಗೆ ಹತ್ತು ಪಾಲು ನೀರು ಬೆರೆಸಿಯೇ ಗಿಡಕ್ಕೆ ಹಾಕುವುದು.

ಮನೆಯಲ್ಲಿ ಹಳೇ ಡ್ರಮ್ ಇದ್ದರೆ ತಳಕ್ಕೆ ತೂತು ಹೊಡೆದು ಅದನ್ನೇ ಬಳಸಿ, ಈ ಡಬ್ಬಿಗೆ ಸುಮ್ನೆ ದುಡ್ಡು ಹಾಕಬೇಡಿ. ಬರೀ ಹುಳು ಬೇಕೆಂದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ, ಹಲವು ಕಡೆ ಮಾರುತ್ತಾರೆ. ಕೊರಿಯರ್‌ನಲ್ಲೇ ತರಿಸುವುದಾದರೆ ಏಪ್ರಿಲ್, ಮೇ ತಿಂಗಳು ಬಿಡಿ. 35 ಡಿಗ್ರಿ ದಾಟಿದರೆ ಅವು ಬದುಕುವುದು ಕಷ್ಟ, ದಾರಿಯಲ್ಲೇ ಸಾಯುತ್ತವೆ ಪಾಪ.