ಸಾಕೆಟ್ ಒಂದೇ, ಆದರೂ ಸಂಬಂಧ ಕೂಡಲಿಲ್ಲ: ಹಳೇ ವರ್ಕ್‌ಸ್ಟೇಷನ್ ಜೊತೆ ಮೂರು ವರ್ಷ

ತುಮಕೂರಿನಲ್ಲಿ ನನ್ನದು ಮದುವೆ ವಿಡಿಯೊ ಎಡಿಟಿಂಗ್ ಅಂಗಡಿ. ಮೂರು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್‌ಹ್ಯಾಂಡ್ ವರ್ಕ್‌ಸ್ಟೇಷನ್ (ಭಾರಿ ಕೆಲಸಕ್ಕೆಂದೇ ಮಾಡಿದ ಕಂಪ್ಯೂಟರ್) ಒಂದನ್ನು ಬಸ್ಸಿಗೆ ಹಾಕಿಕೊಂಡು ಬಂದೆ. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ.

ಯಂತ್ರ ಗಟ್ಟಿಮುಟ್ಟು. ಬೆಳಿಗ್ಗೆ ಶಟರ್ ಎತ್ತಿ, ಬಟನ್ ಒತ್ತಿ, ಊದುಬತ್ತಿ ಹಚ್ಚಿ ದೇವರ ಪಟಕ್ಕೆ ಮೂರು ಸುತ್ತು ತೋರಿಸುವಷ್ಟರಲ್ಲಿ ಲಾಗಿನ್ ಪರದೆ ಬಂದಿರುತ್ತದೆ. ಇಲ್ಲಿಯತನಕ ಒಮ್ಮೆಯೂ ಕೈಕೊಟ್ಟಿಲ್ಲ.

ಆಸೆ ಕೆಟ್ಟದ್ದು, ಸ್ವಾಮಿ. ಒಳಗಿದ್ದದ್ದು ಇಂಟೆಲ್‌ನ ಜಿಯಾನ್ ಇ5-1620 ಪ್ರೊಸೆಸರ್ ಚಿಪ್, ನಾಲ್ಕು ಕೋರಿನದು (ಕೋರ್ ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ). ಸರ್ವರ್‌ಗಳಿಂದ ಕಿತ್ತ ಹತ್ತು ಕೋರಿನ ಇ5-2680 ವಿ2 (ಅಂದರೆ ಎರಡನೇ ಪೀಳಿಗೆಯದು) ಅಗ್ಗಕ್ಕೆ ಸಿಗುತ್ತಿತ್ತು. ಎರಡಕ್ಕೂ ಚಿಪ್ ಕೂರುವ ಸಾಕೆಟ್ ಒಂದೇ, ಎಲ್‌ಜಿಎ 2011, ಇನ್ನೇನು ನೋಡುವುದು ಅಂದುಕೊಂಡೆ. ಆಷಾಢದಲ್ಲಿ ಹೇಗೂ ಮದುವೆ ಇಲ್ಲ. ಸಾಕೆಟ್ಟಿನ ಎರಡೂ ಸನ್ನೆ ಎತ್ತಿ ಚಿಪ್ ಕೂರಿಸಿ, ಶಾಖ ಸಾಗಿಸುವ ಪೇಸ್ಟ್ ಬಟಾಣಿಯಷ್ಟು ಇಟ್ಟು ಬಟನ್ ಒತ್ತಿದೆ. ಕೆಂಪು ದೀಪ, ಬೀಪ್ ಬೀಪ್, ಪರದೆ ಕಪ್ಪು. ಹಳೇ ಚಿಪ್ ಹಾಕಿದರೆ ಮಾತ್ರ ಜೀವ. ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಒಳ ತಂತ್ರಾಂಶ) ಅಪ್‌ಡೇಟ್ ಮಾಡಿದೆ, ಅದೇ ಗೋಳು.

ಮೂರನೇ ದಿನ ಬಯಾಸ್ ಒಳಗೆ ಒಂದು ಸಾಲು ಕಣ್ಣಿಗೆ ಬಿತ್ತು: ಬೂಟ್ ಬ್ಲಾಕ್ ದಿನಾಂಕ, 2011ರ ಡಿಸೆಂಬರ್. ಪವರ್ ಕೊಟ್ಟ ಕೂಡಲೇ ಮೊದಲು ಓಡುವ ತುಣುಕು ಅದು. ನಾವು ಮಾಡುವ ಅಪ್‌ಡೇಟ್ ಉಳಿದದ್ದನ್ನೆಲ್ಲ ಬದಲಿಸಿದರೂ ಇದನ್ನು ಮುಟ್ಟುವುದಿಲ್ಲ. ವಿ2 ಚಿಪ್‌ಗಳು ಬಂದದ್ದೇ 2013ರ ಸೆಪ್ಟೆಂಬರ್‌ನಲ್ಲಿ. ಈ ಮಾಡೆಲ್‌ನಲ್ಲಿ 2013ರ ಬೂಟ್ ಬ್ಲಾಕ್ ಇರುವ ಬೋರ್ಡ್ ಮಾತ್ರ ಅವನ್ನು ಗುರುತಿಸುತ್ತದೆ. ಡಬ್ಬದ ಮೇಲಿನ ಮಾಡೆಲ್ ಹೆಸರು 2011ರದ್ದಕ್ಕೂ 2013ರದ್ದಕ್ಕೂ ಒಂದೇ! ನನಗೆ ಉರಿದದ್ದು ಇದಕ್ಕೇ. (2011-3 ಅಂತ ಇನ್ನೊಂದು ಸಾಕೆಟ್ ಇದೆ, ಮೂರನೇ ಪೀಳಿಗೆಯ ಇ5 ವಿ3ಯದ್ದು. ಪಿನ್ ಲೆಕ್ಕ ಅಷ್ಟೇ ಇದ್ದರೂ ಆ ಚಿಪ್ ಇದರಲ್ಲಿ ಕೂರುವುದೇ ಇಲ್ಲ. ಅದು ಎಷ್ಟೋ ವಾಸಿ, ಆಸೆ ಹುಟ್ಟಿಸುವುದಿಲ್ಲ.)

ಚಿಪ್ ಮಾರಿದ ಅಂಗಡಿಯವನು ದುಡ್ಡು ವಾಪಸ್ ಕೊಡಲಿಲ್ಲ, ಬದಲಿಗೆ ಮೊದಲ ಪೀಳಿಗೆಯ ಇ5-2670 ಕೊಟ್ಟ. ಎಂಟು ಕೋರ್. ಹಾಕಿದ ತಕ್ಷಣ ಎದ್ದಿತು. ಚಿಪ್ಪಿನ ವೇಗ 3.6 ಗಿಗಾಹರ್ಟ್ಸ್‌ನಿಂದ 2.6ಕ್ಕೆ ಇಳಿದದ್ದರಿಂದ ಟೈಮ್‌ಲೈನ್ ಎಳೆಯುವಾಗ ಕೊಂಚ ತಡವರಿಸುತ್ತದೆ, ಆದರೆ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವುದು) ಸಲೀಸು. ಮುಹೂರ್ತದ ಭಾಗ ರೆಂಡರ್‌ಗೆ ಹಾಕಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವಷ್ಟರಲ್ಲಿ ಮುಗಿದಿರುತ್ತದೆ. ನನ್ನ ಬಜೆಟ್ಟಿಗೆ ಇಷ್ಟು ಸಾಕು. ನೀವು ಕೊಳ್ಳುವುದಾದರೆ ಮಾತ್ರ ಆನ್ ಮಾಡಿಸಿ, ಬೂಟ್ ಬ್ಲಾಕ್ ದಿನಾಂಕದ ಆ ಒಂದು ಸಾಲಿನ ಫೋಟೊ ಕೇಳಿ.

ಶಿರಾ ಗೇಟಿನ ಗೆಳೆಯನ ಹತ್ತಿರವೂ ಇದೇ ಮಾಡೆಲ್ ಇದೆ. ಮೊನ್ನೆ ನೋಡಿದೆ, ಅವನದು 2013ರದ್ದು. ಅದರಲ್ಲಿ ಅವನು ಬರೀ ಬಿಲ್ ಹಾಕುತ್ತಾನೆ.